ಪ್ರೆಸ್ಸಿಗೆ ಗಾರ್ಡ್ ಕೂಡಿಸಿದ ಬೆಳಗು

ಯುಗಾದಿ ಕಳೆದ ಮೇಲೆ ಬಂದ ಸೋಮವಾರ ಬೆಳಿಗ್ಗೆ, ಮೊದಲ ಪಾಳಿಯ ಭೋಂಗಾ, ಅಂದರೆ ಸೈರನ್, ಕೂಗುವ ಮುಂಚೆ, ನಾನು ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಾರಖಾನೆಯ ಶೆಡ್ಡಿನೊಳಗೆ ನಿಂತಿದ್ದೆ. ಬಾಗಿಲಿನಿಂದ ಒಳಗೆ ಬಂದರೆ ಎಡಗಡೆ ಗೋಡೆಗುಂಟ ಮೂರು ಪವರ್ ಪ್ರೆಸ್ಸುಗಳಿದ್ದವು. ನಾನಿದ್ದದ್ದು ನಡುವಿನ ಪ್ರೆಸ್ಸಿನ ಮುಂದೆ, ಅದನ್ನು ನಡೆಸುವವನು ಕೂಡುವ ಸ್ಟೂಲಿನ ಮಗ್ಗುಲಿಗೆ. ಕೈ ಚಾಚಿದರೆ ಯಂತ್ರ ಮುಟ್ಟುವಷ್ಟು ಹತ್ತಿರ. ಟ್ಯೂಬ್‌ಲೈಟ್ ನೇರ ತಲೆಯ ಮೇಲೆ ಉರಿಯುತ್ತಿತ್ತು. ನನ್ನ ಮತ್ತು ಯಂತ್ರದ ನಡುವೆ ಯಾರೂ ಇರಲಿಲ್ಲ. ಕೈಯಲ್ಲಿ ನನ್ನ ಹಿರಿಯ ವಕೀಲರಾದ ಸಾಹೇಬರ ಚರ್ಮದ ಬ್ಯಾಗ್ ಇತ್ತು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಮುಂದೆ ಕಟಕಟೆಯಲ್ಲಿ ನಿಲ್ಲಿಸಿ ನನ್ನನ್ನು ಇದೇ ಜಾಗದ ಬಗ್ಗೆ ಹಿಂದುಮುಂದಾಗಿ ಕೇಳಿದರು. ಬೆಳಕಿತ್ತೇ, ಕಂಬ ಅಡ್ಡ ಬರುತ್ತಿತ್ತೇ, ಕನ್ನಡಕ ಹಾಕಿದ್ದೆಯಾ ಎಂದು. ಅಂದು ಮರಾಠಿಯಲ್ಲಿ ಉತ್ತರ ಕೊಟ್ಟೆ. ಈಗ ಮನೆಯ ಮಾತಿನಲ್ಲಿ ಬರೆಯುತ್ತಿದ್ದೇನೆ. ಮರಾಠಿಯಲ್ಲಿ ನಡೆದ ಸಂಭಾಷಣೆಗಳನ್ನೂ ನಮ್ಮ ಕಡೆಯ ಕನ್ನಡದಲ್ಲೇ ಕೊಡುತ್ತೇನೆ. ಅರ್ಥ ಬದಲಿಸಿಲ್ಲ.

ಆಗ ನಾನು ಸಾಂಗಲಿಯ ಒಂದು ವಕೀಲರ ಕಚೇರಿಯಲ್ಲಿ ಜ್ಯೂನಿಯರ್ ಆಗಿದ್ದೆ. ಕೋರ್ಟಿನ ಹಿಂದಿನ ರಸ್ತೆಯಲ್ಲಿ ಎರಡು ಅಂತಸ್ತಿನ ಕಚೇರಿ. ಕುಪವಾಡದ ಕಾರಖಾನೆಯವರು, ದ್ರಾಕ್ಷಿ ತೋಟದವರು, ಸಹಕಾರಿ ಸೊಸೈಟಿಯವರು ನಮ್ಮ ಗಿರಾಕಿಗಳು. ಹಿರಿಯ ವಕೀಲರನ್ನು ಎಲ್ಲರೂ ಸಾಹೇಬ ಎನ್ನುತ್ತಿದ್ದರು. ಅವರು ಕೋಣೆಗೆ ಬಂದರೆ ಜ್ಯೂನಿಯರುಗಳು ಏಳಬೇಕು, ಅವರು ಚಹಾ ಮುಟ್ಟಿದ ಮೇಲೆ ಉಳಿದವರು ಮುಟ್ಟಬೇಕು. ಕಕ್ಷಿದಾರನ ಎದುರು ಜ್ಯೂನಿಯರ್ ಬಾಯಿ ತೆರೆಯುವ ಪದ್ಧತಿಯೇ ಇರಲಿಲ್ಲ. ಮೆಟ್ಟಿಲ ಕೆಳಗಿನ ನನ್ನ ಮೇಜಿಗೆ ಕಾನಡಿ ಟೇಬಲ್ ಎಂದು ಹೆಸರಿಟ್ಟಿದ್ದರು. ಅಥಣಿ, ಜಮಖಂಡಿ ಕಡೆಯಿಂದ ಕೂಲಿಗೆ ಬಂದವರ ಕೆಲಸವಿದ್ದರೆ ನನ್ನ ಹತ್ತಿರ ಕಳಿಸುತ್ತಿದ್ದರು. ಸಾಹೇಬರಿಗೂ ಕನ್ನಡ ಚೆನ್ನಾಗಿ ಬರುತ್ತಿತ್ತು. ಅದನ್ನು ಅವರು ನನ್ನನ್ನು ಬೈಯುವುದಕ್ಕೆ ಮಾತ್ರ ಬಳಸುತ್ತಿದ್ದರು.

ಆ ಸೋಮವಾರಕ್ಕೆ ಮುಂಚಿನ ಶನಿವಾರ ನಡುವಿನ ಪ್ರೆಸ್ಸಿನಲ್ಲಿ ಒಬ್ಬ ಕೆಲಸಗಾರನ ಬಲಗೈಯ ಬೆರಳುಗಳು ಹೋಗಿದ್ದವು. ಅಥಣಿ ಕಡೆಯ ಹುಡುಗ. ಹೆಂಡತಿಯೊಂದಿಗೆ ಮಿರಜದಲ್ಲಿ ಬಾಡಿಗೆ ಕೋಣೆಯಲ್ಲಿದ್ದ. ತಗಡಿನ ತುಂಡನ್ನು ಕೈಯಿಂದ ಅಚ್ಚಿನ ಕೆಳಗೆ ಇಡುವುದು, ಕಾಲಿನಿಂದ ಪೆಡಲ್ ಒತ್ತುವುದು, ಕೈ ಹಿಂದೆ ತೆಗೆಯುವುದು ಅವನ ಕೆಲಸ. ಇಂಥ ಯಂತ್ರಕ್ಕೆ ಮುಂದೆ ಒಂದು ಕಬ್ಬಿಣದ ಜಾಳಿಗೆ, ಅಂದರೆ ಗಾರ್ಡ್, ಇರಬೇಕು. ಗಾರ್ಡ್ ಇದ್ದರೆ ಕೈ ಅಚ್ಚಿನವರೆಗೆ ಹೋಗುವುದಿಲ್ಲ, ಕೆಲಸವೂ ನಿಧಾನವಾಗುತ್ತದೆ. ಈ ಪ್ರೆಸ್ಸಿನ ಗಾರ್ಡ್ ಬಿಚ್ಚಿ ಶೆಡ್ಡಿನ ಹಿಂದೆ ಭಂಗಾರದ, ಅಂದರೆ ಗುಜರಿ ಕಬ್ಬಿಣದ, ರಾಶಿಯಲ್ಲಿ ಎಸೆದಿದ್ದರು.

ಆಸ್ಪತ್ರೆಗೆ ಫೋನ್ ಹೋಗುವ ಮುಂಚೆ ಮಾಲಕನ ಫೋನ್ ನಮ್ಮ ಕಚೇರಿಗೆ ಬಂದಿತ್ತು. ಅಂಥ ಹೊತ್ತಿನಲ್ಲಿ ಫೋನ್ ಎತ್ತುವುದು ನಮ್ಮ ಕಚೇರಿಯ ಸೇವೆಗಳಲ್ಲಿ ಒಂದಾಗಿತ್ತು.

ಕಾನೂನು ಹೀಗಿದೆ. ಕೆಲಸದಲ್ಲಿ ಗಾಯವಾದರೆ ಮಾಲಕ ಪರಿಹಾರ ಕೊಡಬೇಕು. ಆದರೆ ಮಾಲಕ ಗಾರ್ಡ್ ಒದಗಿಸಿದ್ದು, ಕೆಲಸಗಾರನೇ ಬೇಕೆಂದು ಅದನ್ನು ಸರಿಸಿದ್ದರೆ ಕೊಡಬೇಕಾಗಿಲ್ಲ. ಕೆಲಸಗಾರ ಸತ್ತಿದ್ದರೆ ಈ ವಾದ ನಡೆಯುವುದಿಲ್ಲ. ನಮ್ಮ ಹುಡುಗ ಬದುಕಿದ್ದ, ಆದ್ದರಿಂದ ನಡೆಯುತ್ತಿತ್ತು. ಅಂದಮೇಲೆ ಎಲ್ಲವೂ ಆ ಜಾಳಿಗೆಯ ಮೇಲೆ ನಿಂತಿತ್ತು. ಸೋಮವಾರ ಮಧ್ಯಾಹ್ನ ಸರಕಾರದ ಇನ್ಸ್‌ಪೆಕ್ಟರ್ ಬರುವವರಿದ್ದರು.

ಶೆಡ್ಡಿನಲ್ಲಿ ನಾವು ಇದ್ದದ್ದು ಸಾಹೇಬರು, ಮಾಲಕ, ವಯಸ್ಸಾದ ಫಿಟರ್, ಕಾವಲುಗಾರ ಮತ್ತು ನಾನು. ಕಾವಲುಗಾರ ಭಂಗಾರದಿಂದ ಗಾರ್ಡ್ ಹೊತ್ತು ತಂದ. ಫಿಟರ್ ಅದನ್ನು ತಂತಿಯ ಬ್ರಶ್ಶಿನಿಂದ ತಿಕ್ಕಿ ಪ್ರೆಸ್ಸಿಗೆ ಹಿಡಿದು, ಹೊಸ ಬೋಲ್ಟುಗಳ ಪುಡಿಕೆ ಬಿಚ್ಚಿದ.

ಸಾಹೇಬರು ತಡೆದರು. "ಹೊಸಾವು ಬ್ಯಾಡ. ಆ ಕಡೀ ಪ್ರೆಸ್ಸಿನ ಗಾರ್ಡಿನ ಬೋಲ್ಟ ಬಿಚ್ಚು, ಅವನ್ನ ಹಾಕು."

"ಹಾಕ್ತೇನ್ರಿ. ಆದ್ರ ಆ ಪ್ರೆಸ್ ಹೆಂಗ ನಡಸೂದ್ರಿ?" ಎಂದ ಫಿಟರ್.

"ಇವತ್ತ ಅದು ರಿಪೇರಿಗೆ ಬಂದ್ ಐತಿ ಅಂತ ತಿಳಕೋ."

ಫಿಟರ್ ಹಾಗೇ ಮಾಡಿದ. ತಿಕ್ಕಿದ್ದರಿಂದ ಕಬ್ಬಿಣ ಹೊಳೆಯುತ್ತಿತ್ತು. ಸಾಹೇಬರು ಕಾವಲುಗಾರನ ಕಡೆಯಿಂದ ಹಳೆಯ ಎಣ್ಣೆಯನ್ನೂ ನೆಲದ ಧೂಳನ್ನೂ ಅದಕ್ಕೆ ಹಚ್ಚಿಸಿದರು. ಮೂಲೆಗಳಲ್ಲಿ ಸ್ವಲ್ಪ ಹೆಚ್ಚು ಹಚ್ಚಲು ಹೇಳಿದರು, ಯಾಕೆಂದರೆ ಮೂಲೆಯಲ್ಲಿ ಯಾರೂ ಒರೆಸುವುದಿಲ್ಲ. ಅವರ ಕೆಲಸದ ಅಚ್ಚುಕಟ್ಟುತನಕ್ಕೆ ನಾನು ಎಂದೂ ಕುಂದು ಹೇಳಿದವನಲ್ಲ.

ಇನ್ನೇನು ಹೊರಡಬೇಕು ಎನ್ನುವಾಗ ಫಿಟರ್ ದೇವರ ಫೋಟೋದ ಕೆಳಗಿನ ಡಬ್ಬಿಯಿಂದ ಕುಂಕುಮ ತೆಗೆದು ಗಾರ್ಡಿಗೆ ಒಂದು ಬೊಟ್ಟು ಇಟ್ಟ. ಕೈ ಜೋಡಿಸಿದ. ಉಳಿದ ಯಂತ್ರದ ಮೇಲೆ ಹಿಂದಿನ ಖಂಡೇನವಮಿಯ ಆಯುಧಪೂಜೆಯ ಕುಂಕುಮ ಎಣ್ಣೆ ಕುಡಿದು ಕಪ್ಪಾಗಿತ್ತು. ಇದೊಂದೇ ಕೆಂಪಗೆ ಕಂಡಿತು.

"ಒರಸದನ್ನ," ಎಂದರು ಸಾಹೇಬರು.

"ನಾ ಒರಸಂಗಿಲ್ರಿ."

"ಯಾಕ?"

"ಮನಿಷ್ಯಾನ ರಕ್ತಾ ಬಿದ್ದ ಮಶೀನ್ ಐತ್ರಿ. ಹಚ್ಚಿದ್ದ ಕುಂಕುಮ ತಗಿಯಾಕ ನನ್ನ ಕೈ ಬರಂಗಿಲ್ಲ."

ಮಾಲಕ ನೆಲ ನೋಡಿದರು. ಕಾವಲುಗಾರ ಹಿಂದೆ ಸರಿದ. ಸಾಹೇಬರು ತಮ್ಮ ಬಿಳಿ ಕರವಸ್ತ್ರ ತೆಗೆದು ಬೊಟ್ಟನ್ನು ಒರೆಸಿದರು. ಕೆಂಪು ಒಳಗೆ ಹೋಗುವಂತೆ ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡರು. ಆ ಜಾಗಕ್ಕೆ ಬೆರಳಿನಿಂದ ಎಣ್ಣೆ ಸವರಿದರು. ಮಧ್ಯಾಹ್ನ ಇನ್ಸ್‌ಪೆಕ್ಟರ್ ಬಂದು ಗಾರ್ಡ್ ಸ್ಥಳದಲ್ಲಿದೆ ಎಂದು ಬರೆದುಕೊಂಡು ಹೋದರು.

ಮರುದಿನ ನನ್ನನ್ನು ಮಿರಜದ ಆಸ್ಪತ್ರೆಗೆ ಕಳಿಸಿದರು, ಹುಡುಗನ ಹೇಳಿಕೆಯನ್ನು ಕನ್ನಡದಲ್ಲಿ ಕೇಳಿ ತರಲು. ಗಾರ್ಡ್ ಯಾಕೆ ತೆಗೆದೆ ಎಂದು ಕೇಳುವುದು ನನ್ನ ಕೆಲಸ. ನಾನು ಗಾರ್ಡ್ ಇತ್ತೇ ಎಂದು ಕೇಳಿದೆ.

"ಯಾ ಗಾರ್ಡ್ರಿ ಅಣ್ಣಾ? ನಾ ಬಂದಾಗಿಂದ ನೋಡಿಲ್ಲ," ಎಂದ. ಆಮೇಲೆ, "ನೀವು ಕನ್ನಡದವ್ರು ಬಂದ್ರಿ, ಛಲೋ ಆತು. ಇಲ್ಲಿ ಎಲ್ಲಾರೂ ಮರಾಠಿ ಮಾತಾಡಿ ಹೋಗ್ತಾರ, ನನಗ ಅರ್ಧಾ ತಿಳೀತದ," ಎಂದು ನಕ್ಕ. ಅವನ ಹೆಂಡತಿ ಮಾಲಗಾಂವದ ದ್ರಾಕ್ಷಿ ತೋಟದ ಕೆಲಸದಿಂದ ನೇರ ಬಂದಿದ್ದಳು. ನನಗೆ ಕೂಡಲು ಜಾಗ ಬಿಟ್ಟುಕೊಟ್ಟು ತಾನು ನೆಲದ ಮೇಲೆ ಕುಳಿತಳು. ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು ಬಂದೆ. ಸಾಹೇಬರು ಓದಿ ಕಸದ ಬುಟ್ಟಿಗೆ ಹಾಕಿದರು.

ಗಾಯ ಮಾಗಿದ ಮೇಲೆ ಹುಡುಗ ಮಿರಜದ ಒಬ್ಬ ವಕೀಲೆಯನ್ನು ಹಿಡಿದು ಕಾರ್ಮಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿದ. ನಮ್ಮ ಕಚೇರಿಯಲ್ಲಿ ಉತ್ತರ ಸಿದ್ಧವಾಯಿತು. ಅದರ ಜೊತೆ ನನ್ನ ಹೆಸರಿನಲ್ಲೂ ಒಂದು ಪ್ರಮಾಣಪತ್ರ ಟೈಪಾಗಿ ಬಂತು. ಸೋಮವಾರ ಬೆಳಿಗ್ಗೆ ಸ್ಥಳಕ್ಕೆ ಹೋದಾಗ ಗಾರ್ಡ್ ಮೊದಲಿನಿಂದ ಇದ್ದಂತೆ ಕಂಡಿತು, ಕೆಲಸಗಾರ ಆಸ್ಪತ್ರೆಯಲ್ಲಿ ತನ್ನ ತಪ್ಪು ಒಪ್ಪಿಕೊಂಡ ಎಂದು. ಸಹಿ ಮಾಡುವುದಿಲ್ಲ ಎಂದೆ. ಕಚೇರಿಯ ವಾರದ ಬೈಠಕ್‌ನಲ್ಲಿ, ಎಲ್ಲರೂ ನಿಂತಿರುವಾಗ, ಗಿರಾಕಿಗಳೂ ಇರುವಾಗ ಸಾಹೇಬರು ಕನ್ನಡದಲ್ಲಿ ಮಾತಾಡಿದರು.

"ಏನೋ, ಸತ್ಯವಂತ ಆಗೀದಿ?"

"ನಾ ನೋಡಿದ್ದು ಬ್ಯಾರೆ ಐತ್ರಿ ಸಾಹೇಬ."

"ನಿನ್ನ ಕಣ್ಣ ನೋಡಿ ಇಟಗೊಂಡಿಲ್ಲ ನಿನ್ನ. ಕೂಲಿಯಾವರ ಕೂಡ ಮಾತಾಡ್ಲಿ ಅಂತ ನಾಲಿಗಿ ನೋಡಿ ಇಟಗೊಂಡೇವಿ. ನಾಲಿಗಿ ಬಾಡಿಗೀದು. ಬಾಡಿಗಿ ತೀರಿತು, ನಡಿ."

ಮರಾಠಿಯವರಿಗೆ ಮಾತು ತಿಳಿಯಲಿಲ್ಲ, ಧಾಟಿ ತಿಳಿಯಿತು. ಯಾರೋ ನಕ್ಕರು. ನಾನು ನನ್ನ ಬ್ಯಾಗ್ ತೆಗೆದುಕೊಂಡು ಹೊರಗೆ ಬಂದೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೋ ಏನೋ. ಆದರೆ ವಾರದೊಳಗೆ ವಕೀಲರ ಬಾರ್ ರೂಮಿನಲ್ಲಿ ಒಂದು ಮಾತು ಹರಿದಾಡಿತು, ನಾನು ಎದುರು ಪಕ್ಷಕ್ಕೆ ಕೇಸಿನ ಕಾಗದ ಮಾರುತ್ತಿದ್ದೆ, ಅದಕ್ಕೇ ತೆಗೆದರು ಎಂದು. ವಕೀಲನ ಮೇಲೆ ಇದಕ್ಕಿಂತ ಕೆಟ್ಟ ಮಾತಿಲ್ಲ. ಯಾವ ಚೇಂಬರಿನಲ್ಲೂ ಜಾಗ ಸಿಗಲಿಲ್ಲ. ನಾನು ಬೆಂಚಿಗೆ ಬಂದು ಕುಳಿತರೆ ಪಕ್ಕದವರು ಫೈಲ್ ಮುಚ್ಚುತ್ತಿದ್ದರು. ಮದುವೆಯೊಂದರ ಊಟದ ಪಂಕ್ತಿಯಲ್ಲಿ ನನ್ನ ಅಪ್ಪನನ್ನು ಒಬ್ಬರು, "ಮಗಾ ಈಗ ಏನ ಮಾರತಾನ?" ಎಂದು ಕೇಳಿದರು. ಅಪ್ಪ ಎಲೆ ಬಿಟ್ಟು ಎದ್ದು ಬಂದ. ಅಂದು ನನ್ನೊಳಗೆ ಏನೋ ಗಟ್ಟಿಯಾಯಿತು. ಅದು ಇನ್ನೂ ಕರಗಿಲ್ಲ. ಕರಗಲಿ ಎಂದು ನಾನು ಪ್ರಯತ್ನಿಸಿಯೂ ಇಲ್ಲ.

ಮಿರಜದ ವಕೀಲೆಯ ಕೋಣೆ ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯ ಮೇಲೆ ಇತ್ತು. ನಾನು ಎಲ್ಲ ಹೇಳಿದೆ. ಆಕೆ ಕೇಳಿದರು, "ನ್ಯಾಯಕ್ಕ ಬಂದೀರೋ, ಸೇಡಿಗೆ ಬಂದೀರೋ?"

"ಸೇಡಿಗೇ ಬಂದೇನ್ರಿ."

"ಹಂಗಿದ್ರ ಕುಂದ್ರಿ. ನ್ಯಾಯಕ್ಕಂತ ಬಂದಾವ್ರು ಮೂರ ತಾರೀಖಿಗೆ ಬ್ಯಾಸತ್ತು ಮನೀಗೆ ಹೋಗ್ತಾರ."

ಮೊದಲ ತೊಡಕು ಕಾನೂನಿನದು. ಕಕ್ಷಿದಾರ ವಕೀಲನಿಗೆ ಹೇಳಿದ್ದನ್ನು ವಕೀಲ ಹೊರಗೆ ಹೇಳುವಂತಿಲ್ಲ. ಆ ಬೆಳಿಗ್ಗೆ ನಾನು ಮಾಲಕನ ವಕೀಲರ ಜ್ಯೂನಿಯರ್ ಆಗಿಯೇ ಅಲ್ಲಿದ್ದೆ. ಆದರೆ ಅದೇ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ. ಕೆಲಸ ಒಪ್ಪಿಕೊಂಡ ಮೇಲೆ ತನ್ನ ಕಣ್ಣೆದುರು ನಡೆದ ಮೋಸವನ್ನು ವಕೀಲ ಹೇಳಬಹುದು. ಸಾಹೇಬರು ವಕಾಲತ್ತಿಗೆ ಸಹಿ ಬೀಳದೆ ಒಂದು ಮಾತೂ ಆಡದವರು. ಭಾನುವಾರವೇ ಮಾಲಕನನ್ನು ಮನೆಗೆ ಕರೆಸಿ ಸಹಿ ಮಾಡಿಸಿಕೊಂಡಿದ್ದರು. ಗಾರ್ಡ್ ಏರಿದ್ದು ಸೋಮವಾರ. ನನ್ನ ಸಾಕ್ಷಿಗೆ ಅವರು ತಕರಾರು ತೆಗೆದಾಗ ವಕೀಲೆ ಈ ಕ್ರಮವನ್ನೇ ತೋರಿಸಿದರು. ಹುಡುಗನ ಹೇಳಿಕೆ ಮತ್ತು ಮಾಲಕನ ಮಾತು ಬಿಟ್ಟು, ಕಂಡದ್ದನ್ನು ಮಾತ್ರ ಹೇಳಬಹುದು ಎಂದು ನ್ಯಾಯಾಧೀಶರು ಒಪ್ಪಿದರು.

ಎರಡನೆಯದು ಏನು ಹೇಳಬೇಕು, ಏನು ಬಿಡಬೇಕು ಎಂಬುದು. ಸಾಕ್ಷಿಗೆ ಮುಂಚಿನ ಸಂಜೆ ವಕೀಲೆ ಕೇಳಬೇಕಾದ ಪ್ರಶ್ನೆಗಳನ್ನು ಓದಿ ತೋರಿಸಿದರು. ಭಂಗಾರ, ಬೋಲ್ಟ್, ಎಣ್ಣೆ, ಕೊನೆಗೆ ಕುಂಕುಮ.

"ಕುಂಕುಮದ್ದ ಕೇಳಬ್ಯಾಡ್ರಿ," ಎಂದೆ.

"ಅದರಷ್ಟ ಗಟ್ಟಿ ಮತ್ತೊಂದ ಇಲ್ಲಲ್ಲ?"

"ಅದಕ್ಕ ಬ್ಯಾಡ. ನಾ ಹೇಳಿದ್ರ ಫಿಟರಗ ಉತ್ತರಾ ಕಲಿಸಿ ತರತಾರ. ನನ್ನ ಮಾತ ಯಾರೂ ನಂಬಂಗಿಲ್ಲ, ಅವನ ಮಾತ ನಂಬತಾರ. ಗಾರ್ಡ್ ಮೊದಲ ಇತ್ತಂತ ಅಂವಾ ಸುಳ್ಳ ಹೇಳ್ತಾನ್ರಿ, ಹೊಟ್ಟೀ ಪ್ರಶ್ನೆ. ಕುಂಕುಮದ್ದ ಹೇಳಂಗಿಲ್ಲ."

ಆಕೆ ಆ ಪ್ರಶ್ನೆಯನ್ನು ಗೆರೆ ಎಳೆದು ಹೊಡೆದುಹಾಕಿದರು. "ಹುಡುಗಗೂ ಹೇಳಬ್ಯಾಡ್ರಿ. ಫಿಟರ್ ಕಾಕಾನ ಮನೀಗೆ ಹೋಗಿ ಬರತಿರ್ತಾನ."

ಕಟಕಟೆಯಲ್ಲಿ ಪಾಟೀಸವಾಲು ಮಾಡಿದ್ದು ಸ್ವತಃ ಸಾಹೇಬರು. ಬೆಳಕು, ಕಂಬ, ಕನ್ನಡಕ ಎಲ್ಲ ಆಯಿತು. ನಾನು ಪ್ರತಿ ಪ್ರಶ್ನೆಗೂ ನಿಂತ ಜಾಗವನ್ನು ನೆನೆದು ನಿಧಾನವಾಗಿ ಉತ್ತರಿಸಿದೆ. ಅವರು ನನ್ನ ಮುಖ ನೋಡುತ್ತಿದ್ದರು. ಕರವಸ್ತ್ರದ ಮಾತು ಈಗ ಬಂದೀತು, ಈಗ ಬಂದೀತು ಎಂದು ಕಾಯುತ್ತಿದ್ದರು ಎಂಬುದು ನನಗೆ ಕಾಣುತ್ತಿತ್ತು. ಬರಲಿಲ್ಲ. ಕೊನೆಗೆ ಅವರ ಭುಜ ಸಡಿಲವಾಯಿತು. ಆಗ ಕೊನೆಯ ಪ್ರಶ್ನೆ ಕೇಳಿದರು.

"ನಿಮ್ಮನ್ನ ನಾ ಕೆಲಸದಿಂದ ತಗದೆ. ಅದಕ್ಕ ನಿಮಗ ನನ್ನ ಮ್ಯಾಲ ದ್ವೇಷ ಐತಿ. ಹೌದೋ ಅಲ್ಲೋ?"

ಇದಕ್ಕೆ ಎಲ್ಲ ಸಾಕ್ಷಿಗಳೂ ಇಲ್ಲ ಎನ್ನುತ್ತಾರೆ. ನಾನು, "ಐತ್ರಿ," ಎಂದೆ.

ನ್ಯಾಯಾಧೀಶರು ತಲೆಯೆತ್ತಿದರು. "ಪೂರ್ತಿ ಹೇಳ್ರಿ."

"ದ್ವೇಷ ಐತ್ರಿ. ಇವರು ನನ್ನ ಹೆಸರ ಕೆಡಿಸ್ಯಾರ. ಇವರದು ಕೆಡೋದನ್ನ ನೋಡಬೇಕಂತ ಆಸೆ ಐತಿ. ನೋಡಿದ್ದು ಮಾತ್ರ ನೋಡಿದ್ದ."

ಎಲ್ಲವನ್ನೂ ಬರೆಸಿಕೊಂಡರು. ಸಾಹೇಬರು ಕೋರ್ಟಿಗೆ ಬಾಗಿ ನಗುತ್ತಾ ಕುಳಿತರು. ಅಂದಿನ ಮಟ್ಟಿಗೆ ಕೇಸು ಅವರದೇ ಆಗಿತ್ತು. ದ್ವೇಷ ಒಪ್ಪಿಕೊಂಡ ಸಾಕ್ಷಿಯ ಮೇಲೆ ಯಾರೂ ತೀರ್ಪು ಕಟ್ಟುವುದಿಲ್ಲ.

ಹೊರಗೆ ಹುಡುಗ ನನ್ನನ್ನು ತಡೆದ. ಎಡಗೈಯಲ್ಲಿ ಚಹಾದ ಗ್ಲಾಸ್ ಹಿಡಿದಿದ್ದ. "ಅಣ್ಣಾ, ಹಂಗ್ಯಾಕ ಅಂದ್ರಿ?"

"ಖರೇ ಇತ್ತು, ಅಂದೆ."

"ನಿಮ್ಮ ಸಿಟ್ಟ ನೀವು ಹೇಳಿ ತೀರಿಸ್ಕೊಂಡ್ರಿ. ನಾ ಈ ಕೈ ತಗೊಂಡು ಎಲ್ಲಿ ಹೋಗ್ಲಿ?"

ಅವನ ಹೆಂಡತಿ, "ಬಿಡ್ರಿ, ಅವರರ ಏನ ಮಾಡ್ತಾರ," ಎಂದು ಅವನ ತೋಳು ಹಿಡಿದು ಕರೆದೊಯ್ದಳು. ಆ ಹೊತ್ತಿಗೆ ಒಂದು ಮಾತು ಹೇಳಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಹೇಳಲಿಲ್ಲ. ಮುಂದಿನ ತಾರೀಖಿನವರೆಗೆ ಅವನು ನನ್ನ ಜೊತೆ ಮಾತಾಡಲಿಲ್ಲ.

ಮುಂದಿನ ತಾರೀಖಿಗೆ ಫಿಟರ್ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಟೋಪಿ. ಗಾರ್ಡ್ ಮೊದಲಿನಿಂದಲೇ ಇತ್ತು, ತಾನೇ ಅದಕ್ಕೆ ಎಣ್ಣೆ ಹಾಕುತ್ತಿದ್ದೆ, ಹುಡುಗ ಅದನ್ನು ಪದೇ ಪದೇ ಸರಿಸುತ್ತಿದ್ದ ಎಂದು ಕಲಿಸಿದಂತೆ ಹೇಳಿದ. ಹೇಳುವಾಗ ಹುಡುಗನ ಕಡೆ ನೋಡಲಿಲ್ಲ. ನನ್ನ ಸಾಕ್ಷಿ ಮುಗಿದಿದ್ದರಿಂದ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ.

ವಕೀಲೆ ಎದ್ದು ಗಾರ್ಡಿನ ಮಾತೇ ಎತ್ತಲಿಲ್ಲ. "ಕಾಕಾ, ಕಾರಖಾನಿ ಪೂಜಿ ನೀವಾ ಮಾಡೂದ?"

"ಹೌದ್ರಿ. ಬಾಳ ವರ್ಷ ಆತು."

"ಮಶೀನಿಗೆ ಕುಂಕುಮ ಯಾವಾಗ ಹಚ್ಚತೀರಿ?"

"ಖಂಡೇನವಮಿಗೆ ಎಲ್ಲಾಕ್ಕೂ ಹಚ್ಚತೇವ್ರಿ. ನಡೂ ಒಂದ ಹೊಸಾ ಸಾಮಾನ ಏರಿಸಿದ್ರ, ಅದಕ್ಕಷ್ಟ."

"ಮೊದಲ ಇದ್ದದ್ದಕ್ಕ ನಡೂ ಹಚ್ಚಂಗಿಲ್ಲ?"

"ಅದಕ್ಕ್ಯಾಕ್ರಿ? ಅದರದು ಖಂಡೇನವಮಿಗೇ ಆಗಿರ್ತದ."

ಸಾಹೇಬರು ಎದ್ದರು. ಪೂಜೆ ಪುನಸ್ಕಾರಕ್ಕೂ ಈ ಕೇಸಿಗೂ ಸಂಬಂಧವಿಲ್ಲ ಎಂದರು. ಅವರ ದನಿ ಸ್ವಲ್ಪ ಮೇಲಿತ್ತು. ಕೇಳಲಿ, ನೋಡೋಣ ಎಂದರು ನ್ಯಾಯಾಧೀಶರು.

"ಯುಗಾದಿ ಆದ ಮ್ಯಾಲಿನ ಸೋಮವಾರ ನಡುವಿನ ಪ್ರೆಸ್ಸಿನ ಗಾರ್ಡಿಗೆ ಕುಂಕುಮ ಹಚ್ಚಿದ್ರೇನ್ರಿ ಕಾಕಾ?"

ಫಿಟರ್ ಟೋಪಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಸಾಹೇಬರನ್ನು ನೋಡಿದ. "ಹಚ್ಚೇನ್ರಿ," ಎಂದ.

"ಮಧ್ಯಾಹ್ನ ಇನ್ಸ್‌ಪೆಕ್ಟರ್ ಬಂದಾಗ ಅದು ಇರಲಿಲ್ಲ. ಹಚ್ಚಿದ್ದ ಕುಂಕುಮ ನೀವು ಒರಸಿಬಿಟ್ರಿ, ಹೌದಲ್ಲೋ?"

ಆ ಮನುಷ್ಯ ಅಲ್ಲಿಯವರೆಗೆ ತಲೆ ತಗ್ಗಿಸಿದ್ದ. ಈ ಮಾತಿಗೆ ನೆಟ್ಟಗಾದ. "ನಾ ಒರಸಿಲ್ರಿ. ಒರಸು ಅಂದ್ರು, ನಾ ಒಲ್ಲೆ ಅಂದೇನಿ. ಆ ಪಾಪ ನನ್ನ ಮ್ಯಾಲ ಹಾಕಬ್ಯಾಡ್ರಿ."

"ಮತ್ಯಾರ ಒರಸಿದ್ರು?"

"ಸಾಹೇಬ್ರು."

"ಯಾವ ಸಾಹೇಬ್ರು?"

"ಇವರ ಅಲ್ರಿ," ಎಂದು ಅಂಗೈ ಬಿಚ್ಚಿ, ಗೌರವದಿಂದಲೇ, ತೋರಿಸಿದ. "ತಮ್ಮ ಕರ್ಚೀಪಿನ್ಯಾಗ ಒರಸಿ ಜೇಬಿನ್ಯಾಗ ಇಟಗೊಂಡ್ರು."

ನ್ಯಾಯಾಧೀಶರು ಟೈಪಿಸ್ಟಿಗೆ ಒಂದೊಂದೇ ಶಬ್ದ ಹೇಳಿ ಬರೆಸಿದರು. ಗಾರ್ಡಿಗೆ ಕುಂಕುಮ ಹಚ್ಚಿದ್ದು ನಿಜ. ಹೊಸದಾಗಿ ಏರಿಸಿದ್ದಕ್ಕೆ ಮಾತ್ರ ನಡುವೆ ಹಚ್ಚುವ ರೂಢಿ ನಿಜ. ಅದನ್ನು ಒರೆಸಿದವರು ಎದುರುದಾರರ ವಕೀಲರು. ಸಾಹೇಬರ ಕುತ್ತಿಗೆ ವಕೀಲರ ಬಿಳಿ ಬ್ಯಾಂಡಿನ ಮೇಲೆ ಕೆಂಪಾಯಿತು. ಫಿಟರ್‌ಗೆ ತಾನು ಏನು ಹೇಳಿದೆ ಎಂಬುದು ಇನ್ನೂ ತಿಳಿದಿರಲಿಲ್ಲ. ನಾನು ಆ ಕುತ್ತಿಗೆಯನ್ನು ಕಣ್ಣು ತುಂಬ ನೋಡಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಜೀವನದಲ್ಲಿ ಅಂಥ ಸುಖ ನನಗೆ ಕಡಿಮೆ ಸಿಕ್ಕಿದೆ.

ನನ್ನ ಮಾತನ್ನು ದ್ವೇಷದ್ದೆಂದು ತಳ್ಳಿಹಾಕಬಹುದಿತ್ತು, ಆದರೆ ತನ್ನದೇ ಸಾಕ್ಷಿ ಹೆಸರು ಹೇಳಿದ ಮೇಲೆ ವಕೀಲ ಅದೇ ಕೇಸು ನಡೆಸುವಂತಿಲ್ಲ. ಸಾಹೇಬರು ಅಂದೇ ವಕಾಲತ್ತು ಬಿಟ್ಟರು. ಹೊಸ ವಕೀಲರು ಬಂದರೂ ಹೇಳಲು ಏನೂ ಉಳಿದಿರಲಿಲ್ಲ. ತೀರ್ಪು ಹುಡುಗನ ಪರ ಆಯಿತು. ಗಾರ್ಡ್ ಅಪಘಾತದ ನಂತರ ಕೂಡಿಸಿದ್ದು ಎಂದು ಬರೆದಿದ್ದಾರೆ. ನನ್ನ ಸಾಕ್ಷಿಯ ಬಗ್ಗೆ, ಇವರಿಗೆ ದ್ವೇಷವಿದೆ, ಆದರೆ ಇವರ ಮಾತಿಗೆ ಬೇರೆ ಆಧಾರ ಸಿಕ್ಕಿದೆ ಎಂದಿದ್ದಾರೆ. ಆ ಸಾಲಿಗೆ ನನ್ನ ತಕರಾರಿಲ್ಲ. ಹುಡುಗ ಪೇಢೆ ತಂದು ಕೊಟ್ಟ, ಎಡಗೈಯಿಂದ. "ಮೊದಲ ಒಂದ ಮಾತ ಹೇಳೂದಿತ್ತಲ್ರಿ ಅಣ್ಣಾ," ಎಂದ. ಈಗ ಅವನು ಅಥಣಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾನೆ. ಬೆಲ್ಟಿಗೆ ತಗಡಿನ ಮುಚ್ಚಳ ಹಾಕಿಸಿದ್ದಾನಂತೆ.

ಎಲ್ಲರೂ ಇಷ್ಟಕ್ಕೆ ಸಾಕು ಎಂದರು. ವಕೀಲೆಯೂ ಎಂದರು. ನಾನು ತೀರ್ಪಿನ ನಕಲು ತೆಗೆದುಕೊಂಡು ವಕೀಲರ ಪರಿಷತ್ತಿಗೆ ದೂರು ಕೊಟ್ಟೆ. ಅದು ಇನ್ನೂ ನಡೆದಿದೆ. ತಾರೀಖು ಮುಂಬಯಿಯಲ್ಲಿ ಇರುತ್ತದೆ. ಪ್ರತಿ ತಾರೀಖಿಗೂ ಹೋಗುತ್ತೇನೆ, ಮುಂದೂಡುವುದು ಖಚಿತವೆಂದು ಗೊತ್ತಿದ್ದರೂ. ಸಾಹೇಬರು ಅಲ್ಲಿ ಹೊರಗಿನ ಬೆಂಚಿನಲ್ಲಿ ಎಲ್ಲರ ಜೊತೆ ಕುಳಿತು ತಮ್ಮ ಹೆಸರು ಕೂಗುವುದನ್ನು ಕಾಯಬೇಕು. ನಾನು ಎದುರಿನ ಬೆಂಚಿನಲ್ಲಿ ಕೂಡುತ್ತೇನೆ.

ಆ ಬೆಳಿಗ್ಗೆ ಶೆಡ್ಡಿನಲ್ಲಿದ್ದವರಲ್ಲಿ ಕಾವಲುಗಾರ ತೀರಿಕೊಂಡ. ಮಾಲಕ ಇದ್ದಾರೆ, ಶೆಡ್ಡನ್ನು ಬೇರೆಯವರಿಗೆ ಕೊಟ್ಟು ಬುಧಗಾಂವದಲ್ಲಿ ಮಗಳ ಮನೆಯ ಹತ್ತಿರ ಇರುತ್ತಾರೆ. ಫಿಟರ್ ಮಾಲಗಾಂವದಲ್ಲಿದ್ದಾನೆ, ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ನಾನಿದ್ದೇನೆ. ಸಾಹೇಬರೂ ಇದ್ದಾರೆ. ಹಿಂದಿನ ಚಳಿಗಾಲದಲ್ಲಿ ಎದೆನೋವಾಗಿ ಮಿರಜದ ಆಸ್ಪತ್ರೆಗೆ ಸೇರಿದ್ದರು. ನಾನು ದಿನಾ ಹೋಗಿ ಹೊರಗೆ ಅವರ ಡ್ರೈವರನನ್ನು ವಿಚಾರಿಸುತ್ತಿದ್ದೆ. "ಆರಾಮ ಆಗ್ಯಾರ್ರಿ, ನಾಳೆ ಮನೀಗೆ ಬಿಡ್ತಾರ," ಎಂದು ಅವನು ಹೇಳಿದ ದಿನ ನನಗೆ ನಿಜವಾಗಿ ಸಮಾಧಾನವಾಯಿತು. ಪರಿಷತ್ತಿನ ಮುಂದೆ ಅವರಿಗೆ ಮಾಡಬೇಕಾದ ಪಾಟೀಸವಾಲು ಇನ್ನೂ ಬಾಕಿ ಇದೆ.